ರಾಜ್ಯೋತ್ಸವದ ಸೀರೆಗೆ ಮುಗ್ಗಲು ವಾಸನೆ ಏಕೆ?

ಚೆನ್ನೈ: ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಗರದ ಕನ್ನಡ ಸಂಘಗಳಲ್ಲಿ ಸಡಗರವೋ ಸಡಗರ. ಒಂದೆಡೆ ಮಕ್ಕಳ ನೃತ್ಯದ ತಾಲೀಮು, ಇನ್ನೊಂದೆಡೆ ನಾಡಗೀತೆಯ ಅಭ್ಯಾಸ, ಮತ್ತೊಂದೆಡೆ ಊಟಕ್ಕೆ ಬಿಸಿಬೇಳೆಭಾತೋ ಪುಳಿಯೋಗರೆಯೋ ಎಂಬ ಚರ್ಚೆ. ಮನೆಗಳಲ್ಲಿ ವರ್ಷಕ್ಕೊಂದೆರಡು ಸಲ ಮಾತ್ರ ಹೊರಬರುವ ಮೈಸೂರು ರೇಷ್ಮೆ ಸೀರೆ, ಜರಿ ಪಂಚೆ, ಶಲ್ಯಗಳಿಗೆ ಬೀರುವಿನಿಂದ ಬಿಡುಗಡೆ. ಆದರೆ ಬೀರುವಿನ ಬಾಗಿಲು ತೆಗೆದೊಡನೆ ಉತ್ಸಾಹಕ್ಕೆ ತಣ್ಣೀರು ಎರಚಿದಂತೆ ಮೂಗಿಗೆ ಬಡಿಯುವುದು ಅದೇ ಮುಗ್ಗಲು ವಾಸನೆ!

ಸೀರೆಯ ಮಾತು ಹಾಗಿರಲಿ. ಎರಡು ದಿನ ಒಳಗೆ ಒಣಗಿದ ಬನಿಯನ್ನು, ಇಸ್ತ್ರಿ ಮಾಡಿಯೂ ಬಸ್ಸು ಹತ್ತುವಷ್ಟರಲ್ಲಿ ಹಳಸಲು ವಾಸನೆ ಹೊಡೆಯುವ ಅಂಗಿ, ಮೈ ಒರೆಸಿದರೆ ಮತ್ತೆ ಸ್ನಾನ ಮಾಡಬೇಕೆನಿಸುವ ಟವೆಲು. ಚೆನ್ನೈನಲ್ಲಿ ಮನೆ ಮಾಡಿದ ಯಾರಿಗೂ ಇದು ಹೊಸದಲ್ಲ. ಕೂಡಲೇ ಆರೋಪಿಯ ಹುಡುಕಾಟ ಶುರುವಾಗುತ್ತದೆ. ಕೆಲಸದಾಕೆ ಸರಿಯಾಗಿ ಒಗೆಯಲಿಲ್ಲ, ಸೊಸೆ ಹಗ್ಗದಿಂದ ಬೇಗ ತೆಗೆದುಬಿಟ್ಟಳು, ಅತ್ತೆ ಒದ್ದೆ ಟವೆಲನ್ನು ಮಡಿಸಿಟ್ಟರು, ಸೋಪಿನ ಪುಡಿ ಚೆನ್ನಾಗಿಲ್ಲ. ದುಬಾರಿ ಪುಡಿ ಬರುತ್ತದೆ, ಅದರ ಹಿಂದೆ ಸುಗಂಧದ ದ್ರವ ಬರುತ್ತದೆ. ಎರಡು ದಿನ ಮಲ್ಲಿಗೆ ಪರಿಮಳ, ಮೂರನೆಯ ದಿನ ಮತ್ತೆ ಅದೇ ರಾಗ, ಅದೇ ತಾಳ.

ಲೆಕ್ಕ ಹಾಕಿ ನೋಡಿದರೆ ಇಲ್ಲಿ ತಪ್ಪು ಒಗೆದವರದ್ದಲ್ಲ. ಕೊಳೆ ಹೋಗಿದ್ದರೂ ಸೋಪು ಉಳಿದಿದೆ, ಸೋಪು ಹೋಗಿದ್ದರೂ ತೇವ ಉಳಿದಿದೆ. ಈ ಎರಡು ಬಾಕಿಗಳು ಚುಕ್ತಾ ಆಗುವವರೆಗೆ ಯಾವ ಸುಗಂಧವೂ ನಿಲ್ಲುವುದಿಲ್ಲ.

ಊರಿನ ಮಳೆ ಬೇರೆ, ಇಲ್ಲಿನ ಮಳೆ ಬೇರೆ

ಕರ್ನಾಟಕದಲ್ಲಿ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಆಷಾಢ, ಶ್ರಾವಣಗಳು ಕಳೆದು ನವರಾತ್ರಿ ಬರುವ ಹೊತ್ತಿಗೆ ಬಿಸಿಲು ಮೂಡುತ್ತದೆ. ದೀಪಾವಳಿ, ರಾಜ್ಯೋತ್ಸವಗಳಿಗೆ ಹೊರತೆಗೆದ ಬಟ್ಟೆ ಗರಿಗರಿಯಾಗಿರುತ್ತದೆ. ಚೆನ್ನೈ ಪಂಚಾಂಗ ಇದಕ್ಕೆ ತದ್ವಿರುದ್ಧ. ಇಲ್ಲಿ ವರ್ಷಕ್ಕೆ ಬೀಳುವ ಸುಮಾರು 1,400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮುಂಗಾರಿನಲ್ಲಿ. ಊರಿನಲ್ಲಿ ಬಟ್ಟೆ ಬಿಸಿಲಿಗೆ ಹಾಕುವ ತಿಂಗಳಲ್ಲೇ ಇಲ್ಲಿ ಹಗ್ಗ ಒಳಗೆ ಬರುತ್ತದೆ. ರಾಜ್ಯೋತ್ಸವ ಬೀಳುವುದು ಈ ಮಳೆ ಬಲಿಯುವ ಹೊತ್ತಿಗೇ.

ಹಾಗೆಂದು ನಮ್ಮವರಿಗೆ ಮಳೆಯ ಬಟ್ಟೆ ಗೊತ್ತಿಲ್ಲವೆಂದಲ್ಲ. ಉಡುಪಿ, ಕುಂದಾಪುರ, ಪುತ್ತೂರು, ತೀರ್ಥಹಳ್ಳಿ ಕಡೆಯವರು ಇದಕ್ಕಿಂತ ದೊಡ್ಡ ಮಳೆಯಲ್ಲಿ ಬೆಳೆದವರು. ಆದರೆ ಅಲ್ಲಿ ಬಚ್ಚಲ ಒಲೆಯಿತ್ತು. ದಿನವಿಡೀ ಹಂಡೆಯ ಕೆಳಗೆ ಕೆಂಡವಿರುತ್ತಿತ್ತು. ಮೇಲೆ ಕಟ್ಟಿದ ಗಳದ ಮೇಲೆ ಒದ್ದೆ ಬಟ್ಟೆ ಹರವಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತಿತ್ತು. ಸ್ವಲ್ಪ ಹೊಗೆ ವಾಸನೆ ಬರುತ್ತಿತ್ತು ನಿಜ, ಮುಗ್ಗಲು ವಾಸನೆಯಂತೂ ಬರುತ್ತಿರಲಿಲ್ಲ. ಚೆನ್ನೈನ ಎರಡು ಕೋಣೆಯ ಫ್ಲಾಟಿನಲ್ಲಿ ಒಲೆ ಎಲ್ಲಿಂದ ಬರಬೇಕು? ಬಾಲ್ಕನಿಗೆ ಜಾಲರಿ, ಕಿಟಕಿಗೆ ಸೊಳ್ಳೆ ಪರದೆ, ತಾರಸಿಗೆ ಬೀಗ. ಬಟ್ಟೆಗೆ ಉಳಿದದ್ದು ಮಲಗುವ ಕೋಣೆಯ ಬಾಗಿಲ ಹಿಂಬದಿ ಮಾತ್ರ.

ವಾಸನೆ ಹುಟ್ಟುವುದು ಎಲ್ಲಿ?

ಒದ್ದೆ ಬಟ್ಟೆ ತಾನಾಗಿ ನಾರುವುದಿಲ್ಲ. ನಾರಿಸುವುದು ಅದರಲ್ಲಿ ಮನೆ ಮಾಡಿದ ಸೂಕ್ಷ್ಮಜೀವಿಗಳು. 2012ರಲ್ಲಿ ಜಪಾನಿನ ಸಂಶೋಧಕರು ಮನೆಯಲ್ಲಿ ಒಗೆದ ಬಟ್ಟೆಗಳನ್ನು ಪರೀಕ್ಷಿಸಿ, ಈ ಹಳಸಲು ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಎಂದು ತೋರಿಸಿಕೊಟ್ಟರು. ಬಟ್ಟೆಯಲ್ಲಿ ಉಳಿದ ಬೆವರು, ಮೈಯ ಜಿಡ್ಡನ್ನು ತಿಂದು ಅದು ಒಂದು ಬಗೆಯ ಆಮ್ಲವನ್ನು ಬಿಡುತ್ತದೆ. ಆ ಆಮ್ಲವೇ ನಮ್ಮ ಮೂಗಿಗೆ ತಟ್ಟುವ ವಾಸನೆ.

ಈ ಜೀವಿಯ ಇನ್ನೊಂದು ಗುಣವೂ ಆ ಅಧ್ಯಯನದಲ್ಲಿ ಬಯಲಾಯಿತು. ಬಟ್ಟೆ ಒಣಗಿದರೂ ಅದು ಸುಲಭವಾಗಿ ಸಾಯುವುದಿಲ್ಲ. ಅದಕ್ಕೇ ಬೀರುವಿನಲ್ಲಿದ್ದಾಗ ಸುಮ್ಮನಿದ್ದ ಅಂಗಿ, ತೊಟ್ಟು ಅರ್ಧ ಗಂಟೆ ಬೆವರಿದೊಡನೆ ನಾರತೊಡಗುತ್ತದೆ! ಇಸ್ತ್ರಿ ಪೆಟ್ಟಿಗೆಯನ್ನು ನಾಲ್ಕು ಸಲ ಹಾಯಿಸಿದ ಮಾತ್ರಕ್ಕೆ ಒಳಗಿನ ಲೆಕ್ಕ ತೀರುವುದಿಲ್ಲ.

ಬಟ್ಟೆಯ ಜಾತಿಯೂ ಇಲ್ಲಿ ಮುಖ್ಯ. 2014ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾನಿಲಯದವರು ವ್ಯಾಯಾಮ ಮಾಡಿದ 26 ಮಂದಿಯ ಅಂಗಿಗಳನ್ನು ಹೋಲಿಸಿ ನೋಡಿದಾಗ, ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳೇ ಹೆಚ್ಚು ನಾರುತ್ತವೆ ಎಂಬುದು ಕಂಡುಬಂತು. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಮೈಯ ಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶಾಲೆಯ ಯೂನಿಫಾರಂ, ಕಚೇರಿಯ ಮಿಶ್ರ ನೂಲಿನ ಅಂಗಿಗಳ ಕಂಕುಳ ಭಾಗ ಒಗೆದ ಮೇಲೂ ವಾಸನೆ ಬರುವುದು ಇದೇ ಕಾರಣಕ್ಕೆ. ಅಂಥ ಅಂಗಿಗಳನ್ನು ತಿರುವಿ ಹಾಕಿ, ಒಳಭಾಗ ಹೊರಗೆ ಬರುವಂತೆ ಒಗೆಯಬೇಕು. ಕಂಕುಳು, ಕಾಲರುಗಳಿಗೆ ಮೊದಲೇ ಸ್ವಲ್ಪ ಸೋಪು ಹಚ್ಚಿ ಹತ್ತು ನಿಮಿಷ ಬಿಟ್ಟರೆ ಜಿಡ್ಡು ಸಡಿಲವಾಗುತ್ತದೆ. ಬೆವರಿದ ಬಟ್ಟೆಯನ್ನು ಮುಚ್ಚಳದ ಬುಟ್ಟಿಗೆ ಮುದ್ದೆ ಮಾಡಿ ಎಸೆಯದೆ, ಒಗೆಯುವವರೆಗೂ ಗಾಳಿಗೆ ತೂಗುಹಾಕುವುದು ಲೇಸು.

ನೀರಿನ ಲೆಕ್ಕ

ಚೆನ್ನೈಗೆ ಬಂದ ಹೊಸದರಲ್ಲಿ ಸೋಪು ನೊರೆಯೇ ಬರುವುದಿಲ್ಲವೆಂದು ಗೊಣಗದ ಕನ್ನಡಿಗರು ವಿರಳ. ನಗರದ ಬಹುಪಾಲು ಮನೆಗಳಲ್ಲಿ ಒಗೆಯಲು ಬಳಸುವುದು ಬೋರ್‌ವೆಲ್ ನೀರು. ಅದು ಗಡಸು ನೀರು, ಸಮುದ್ರದ ಬದಿಯ ಬಡಾವಣೆಗಳಲ್ಲಿ ಉಪ್ಪೂ ಉಂಟು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪಿನೊಡನೆ ಸೇರಿ ಬಿಳಿಯ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಪಟ್ಟೆಯಾಗಿ ಅಂಟುವುದು ಇದೇ. ಬಟ್ಟೆಯ ನೂಲಿನೊಳಗೂ ಅದು ಹಾಗೆಯೇ ಅಂಟಿ ಕೂರುತ್ತದೆ. ಟವೆಲು ಒರಟಾಗುವುದು, ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗುವುದು, ಬಟ್ಟೆ ನಾರುವುದು ಮೂರಕ್ಕೂ ಈ ಗಸಿಯ ಕೈವಾಡವಿದೆ. ಏಕೆಂದರೆ ಕೊಳೆಯನ್ನೂ ಜಿಡ್ಡನ್ನೂ ಅದು ತನ್ನೊಡನೆ ಹಿಡಿದಿಟ್ಟುಕೊಳ್ಳುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ನೊರೆ ಬರಲಿಲ್ಲವೆಂದು ಇನ್ನೊಂದು ಹಿಡಿ ಪುಡಿ ಸುರಿಯುವುದು. ಹಾಕಿದ ಪುಡಿಯನ್ನು ತೆಗೆಯಲು ಅಷ್ಟೇ ಹೆಚ್ಚು ನೀರು ಬೇಕಲ್ಲ! ಜಮೆಗಿಂತ ಖರ್ಚು ಹೆಚ್ಚಾದಂತೆ ಇದು. ಅದರ ಬದಲು ಹತ್ತಿ ಬಟ್ಟೆ ನೆನೆಹಾಕುವಾಗ ಒಂದು ಬಕೆಟ್ ನೀರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಕರಗಿಸಿದರೆ ನೀರಿನ ಗಡಸುತನ ಇಳಿದು, ಕಡಿಮೆ ಪುಡಿಯಲ್ಲೇ ಕೊಳೆ ಬಿಡುತ್ತದೆ. ರೇಷ್ಮೆ, ಉಣ್ಣೆಗಳಿಗೆ ಮಾತ್ರ ಸೋಡಾ ಕೂಡದು. ಬರಿಗೈಯಲ್ಲಿ ಒಗೆಯುವವರ ಚರ್ಮಕ್ಕೂ ಅದು ಒಗ್ಗುವುದಿಲ್ಲ.

ನೆನೆಹಾಕಲು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು. ರಾತ್ರಿ ನೆನೆಹಾಕಿ ಬೆಳಿಗ್ಗೆ ಒಗೆಯುವ ಅಭ್ಯಾಸ ಊರಿನ ತಣ್ಣನೆಯ ಹವೆಗೆ ನಡೆದೀತು, ಚೆನ್ನೈ ಸೆಖೆಗೆ ನಡೆಯದು. ಬೆಳಗಿನ ಹೊತ್ತಿಗೆ ಬಕೆಟ್ಟಿನ ನೀರೇ ನಾರುತ್ತಿರುತ್ತದೆ.

ಬಟ್ಟೆ ಜಾಲಿಸುವುದರಲ್ಲಿ ಜಿಪುಣತನ ಮಾಡಬಾರದು ಎಂದು ಹೇಳುವುದು ಸುಲಭ. ಆದರೆ ಈ ನಗರದ ನೀರಿನ ಕಥೆ ಬಲ್ಲವರು ಹಾಗೆ ಸಲೀಸಾಗಿ ಹೇಳಲಾರರು. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬರಿದಾದವು. ಆ ವರ್ಷ ಜುಲೈ 12ರಂದು ಜೋಲಾರ್‌ಪೇಟೆಯಿಂದ 50 ಟ್ಯಾಂಕರ್ ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ವಿಲ್ಲಿವಾಕ್ಕಂಗೆ ಬಂದು ನಿಂತಿತು. ಅದು ಮೆಟ್ಟೂರು ಅಣೆಕಟ್ಟಿನ ನೀರು. ಅಂದರೆ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಹೊಳೆ ರೈಲು ಹತ್ತಿ ಚೆನ್ನೈಗೆ ಬಂದಿತ್ತು! ಲಾರಿ ನೀರಿಗೆ ಕೊಡ ಹಿಡಿದು ಸಾಲು ನಿಂತವರಿಗೆ ಮೂರು ಸಲ ಜಾಲಿಸಿ ಎಂದು ಉಪದೇಶಿಸಿದರೆ ಸಿಟ್ಟು ಬರದಿದ್ದೀತೇ?

ಅದಕ್ಕೂ ದಾರಿಯುಂಟು. ಒಂದೇ ಸಲ ದೊಡ್ಡ ಬಕೆಟ್ ತುಂಬ ನೀರಿನಲ್ಲಿ ಅದ್ದಿ ತೆಗೆಯುವುದಕ್ಕಿಂತ, ಅಷ್ಟೇ ನೀರನ್ನು ಮೂರು ಪಾಲು ಮಾಡಿ, ಪ್ರತಿ ಸಲವೂ ಚೆನ್ನಾಗಿ ಹಿಂಡಿ ಜಾಲಿಸಿದರೆ ಸೋಪು ಹೆಚ್ಚು ಹೋಗುತ್ತದೆ. ಹಿಂಡದೆ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಹಾಕಿದರೆ ಸೋಪು ಬಟ್ಟೆಯೊಡನೆಯೇ ಪ್ರಯಾಣ ಮಾಡುತ್ತದೆ. ಕೊನೆಯ ಜಾಲಿಸಿದ ನೀರು ಮರುದಿನದ ಮೊದಲ ತೊಳೆತಕ್ಕೋ, ನೆಲ ಒರೆಸಲಿಕ್ಕೋ ಆದೀತು. ಮೆಟ್ರೊ ನೀರು ಕೊಂಚವೇ ಸಿಗುವ ಮನೆಗಳಲ್ಲಿ ಒಗೆಯಲು ಬೋರ್ ನೀರು ಬಳಸಿ, ಕಡೆಯ ಒಂದು ಜಾಲಿಕೆಗಷ್ಟೇ ಸಿಹಿನೀರು ಇಟ್ಟುಕೊಂಡರೂ ವ್ಯತ್ಯಾಸ ಕಾಣುತ್ತದೆ.

ವಾಷಿಂಗ್ ಮೆಷಿನ್ ಇರುವ ಮನೆಯವರು ಮೆಷಿನ್ನನ್ನೂ ಒಮ್ಮೆ ಮೂಸಿ ನೋಡುವುದು ಒಳ್ಳೆಯದು. ಬಾಗಿಲ ರಬ್ಬರಿನ ಮಡಿಕೆಯಲ್ಲಿ, ಪುಡಿ ಹಾಕುವ ಡಬ್ಬಿಯಲ್ಲಿ ಕಪ್ಪು ಲೋಳೆ ಕಟ್ಟಿರುತ್ತದೆ. ವಾಸನೆಯ ತವರುಮನೆ ಅದೇ. ವಾರಕ್ಕೊಮ್ಮೆ ಒರೆಸಿ, ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಬಿಸಿನೀರಿನಲ್ಲಿ ಓಡಿಸಿ, ಕೆಲಸ ಮುಗಿದ ಮೇಲೆ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲದಿದ್ದರೆ ಬಾಗಿಲು ತೆರೆದಿಡಬೇಕು. ಮುಖ್ಯವಾಗಿ, ಒಗೆದು ಮುಗಿದ ಬಟ್ಟೆಯನ್ನು ಅದರೊಳಗೆ ಗಂಟೆಗಟ್ಟಲೆ ಬಿಡಬಾರದು. ಬೆಳಿಗ್ಗೆ ಮೆಷಿನ್ ಹಾಕಿ ಕಚೇರಿಗೆ ಹೋಗಿ, ಸಂಜೆ ಬಂದು ಒಣಹಾಕುವವರ ಮನೆಯ ಬಟ್ಟೆ ನಾರದೆ ಇರಲು ಸಾಧ್ಯವೇ ಇಲ್ಲ.

ಗಾಳಿಯ ಲೆಕ್ಕ

ಇನ್ನು ಒಣಗಿಸುವ ಮಾತು. ಐದು ಕಿಲೋ ಬಟ್ಟೆ ಮೆಷಿನ್ನಿನಲ್ಲಿ ಸುತ್ತಿ ಹೊರಬಂದಾಗಲೂ ಅದರಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ಕೈಯಲ್ಲಿ ಹಿಂಡಿದ್ದಾದರೆ ಇನ್ನೂ ಹೆಚ್ಚು. ಆ ನೀರೆಲ್ಲ ಗಾಳಿಗೆ ಹೋಗಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯೊಂದರ ಗಾಳಿ 28 ಡಿಗ್ರಿ ಸೆಖೆಯಲ್ಲಿ ಒಟ್ಟಾರೆ ಹಿಡಿಯಬಲ್ಲ ನೀರಾವಿ ಒಂದು ಲೀಟರಿಗಿಂತ ಕೊಂಚ ಕಡಿಮೆ. ಮಳೆಗಾಲದಲ್ಲಿ ಅದರ ನೂರಕ್ಕೆ ಎಂಬತ್ತು ಪಾಲು ಮೊದಲೇ ತುಂಬಿರುತ್ತದೆ. ಉಳಿದ ಜಾಗ ಒಂದು ಲೋಟ ನೀರಿಗೆ ಮಾತ್ರ!

ಎರಡೂವರೆ ಲೀಟರ್ ನೀರನ್ನು ಒಂದು ಲೋಟದ ಜಾಗದಲ್ಲಿ ತುಂಬಲು ಹೊರಟರೆ ಆಗುವುದೇನು? ಬಟ್ಟೆ ಒಣಗುವುದಿಲ್ಲ, ಗೋಡೆ ಬೂಷ್ಟು ಹಿಡಿಯುತ್ತದೆ, ಹಾಸಿಗೆ ತಣ್ಣಗಾಗುತ್ತದೆ, ಉಬ್ಬಸವಿದ್ದವರಿಗೆ ರಾತ್ರಿ ನಿದ್ದೆಯಿಲ್ಲ. ಮಳೆ ಬರುತ್ತಿದೆಯೆಂದು ಕಿಟಕಿ ಮುಚ್ಚಿ ಫ್ಯಾನು ಹಾಕಿದರೆ ಅದೇ ಒದ್ದೆ ಗಾಳಿ ಸುತ್ತುತ್ತಿರುತ್ತದೆ ಅಷ್ಟೆ. ಗಾಳಿ ಓಡಾಡಿದರೆ ಸಾಲದು, ಬದಲಾಗಬೇಕು. ಎದುರುಬದುರಿನ ಎರಡು ಕಿಟಕಿಗಳನ್ನು ಒಂದೊಂದು ಗೇಣಾದರೂ ತೆರೆದು, ಫ್ಯಾನಿನ ಗಾಳಿ ಬಟ್ಟೆಗೆ ನೇರವಾಗಿ ಬೀಳುವಂತೆ ಮಾಡಬೇಕು. ಒಂದು ಬಟ್ಟೆಗೂ ಇನ್ನೊಂದಕ್ಕೂ ನಾಲ್ಕು ಬೆರಳು ಅಂತರವಿರಲಿ. ಅಂಗಿಯನ್ನು ಹಗ್ಗದ ಮೇಲೆ ಎರಡಾಗಿ ಮಡಚಿ ಹಾಕದೆ ಹ್ಯಾಂಗರಿಗೆ ಹಾಕಿದರೆ ಬೇಗ ಒಣಗುತ್ತದೆ. ಮಳೆಯ ವಾರದಲ್ಲಿ ಭಾನುವಾರ ಒಟ್ಟಿಗೆ ಒಗೆಯುವ ಬದಲು ದಿನಕ್ಕಿಷ್ಟು ಎಂದು ಒಗೆಯುವುದೇ ಜಾಣತನ. ಕೋಣೆಗೆ ಎ.ಸಿ. ಇದ್ದರೆ ಅದರ ಡ್ರೈ ವ್ಯವಸ್ಥೆ ಗಾಳಿಯ ತೇವವನ್ನು ಹೊರಹಾಕುತ್ತದೆ.

ಮಳೆಯಿಲ್ಲದ ದಿನಗಳಲ್ಲೂ ಚೆನ್ನೈ ಗಾಳಿಗೆ ತನ್ನದೇ ವೇಳಾಪಟ್ಟಿಯಿದೆ. ಬೆಳಗಿನ ಬಿಸಿಲೇರುತ್ತಿದ್ದಂತೆ ಗಾಳಿ ಒಣಗುತ್ತ ಹೋಗುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಬೀಸತೊಡಗಿದರೆ ಮೈಗೆ ಹಿತ, ಬಟ್ಟೆಗಲ್ಲ. ಅದು ತೇವ ಹೊತ್ತು ತರುತ್ತದೆ. ಬೆಸೆಂಟ್ ನಗರ, ತಿರುವಾನ್ಮಿಯೂರು, ಟ್ರಿಪ್ಲಿಕೇನ್‌ಗಳಂಥ ಕಡಲ ಬದಿಯಲ್ಲಿ ಉಪ್ಪಿನ ಅಂಶವೂ ಬಟ್ಟೆಗೆ ಕೂರುತ್ತದೆ. ಉಪ್ಪು ನೀರನ್ನು ಎಳೆಯುವುದರಿಂದ ಒಣಗಿದ ಬಟ್ಟೆಯೂ ಸಂಜೆಗೆ ಜಿಬುಜಿಬು ಎನ್ನುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರೊಳಗೆ ಹಗ್ಗಕ್ಕೆ ಹಾಕಿ ಮಧ್ಯಾಹ್ನ ಮೂರರೊಳಗೆ ತೆಗೆಯುವುದು ಕ್ಷೇಮ. ತೆಗೆದ ಬಟ್ಟೆಯನ್ನು ಬಿಸಿಯಿರುವಾಗಲೇ ಮಡಿಸಿ ಬೀರುವಿಗೆ ತುರುಕದೆ, ಒಂದರ್ಧ ಗಂಟೆ ಒಳಗೆ ಹರವಿಡಬೇಕು.

ಬಿಸಿಲಲ್ಲಿ ಒಣಗಿದ ಬಟ್ಟೆಗೊಂದು ಚೆಂದದ ವಾಸನೆ ಇರುತ್ತದಲ್ಲವೇ? ಅದು ಬರಿಯ ಭ್ರಮೆಯಲ್ಲ. 2020ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಟವೆಲುಗಳನ್ನು ಒಳಗೆ, ನೆರಳಲ್ಲಿ, ಬಿಸಿಲಲ್ಲಿ ಬೇರೆಬೇರೆಯಾಗಿ ಒಣಗಿಸಿ ನೋಡಿದರು. ಬಿಸಿಲಿಗೆ ಒಣಗಿದ ಟವೆಲಿನಲ್ಲಿ ಮಾತ್ರ ಕೆಲವು ಪರಿಮಳದ ರಾಸಾಯನಿಕಗಳು ಹುಟ್ಟಿಕೊಂಡಿದ್ದವು. ಅಂಗಡಿಯ ಬಾಟಲಿಯಲ್ಲಿ ಕೊಳ್ಳುವ ಪರಿಮಳವನ್ನು ಸೂರ್ಯದೇವ ಪುಕ್ಕಟೆ ಕೊಡುತ್ತಿದ್ದಾನೆ ಎಂದಾಯಿತು.

ಅಗಸರ ಪೇಟೆಯ ಪಾಠ

ಬಟ್ಟೆ ಒಗೆಯುವುದರಿಂದಲೇ ಹೆಸರು ಪಡೆದ ಬಡಾವಣೆ ಈ ನಗರದಲ್ಲಿದೆ. ಉತ್ತರ ಚೆನ್ನೈನ ವಣ್ಣಾರಪೇಟೆ, ಇಂಗ್ಲಿಷಿನಲ್ಲಿ ವಾಷರ್‌ಮನ್‌ಪೇಟ್. ಈಸ್ಟ್ ಇಂಡಿಯಾ ಕಂಪೆನಿ ಮದರಾಸಿನಿಂದ ಹಡಗಿಗೆ ಏರಿಸುತ್ತಿದ್ದ ಬಟ್ಟೆಯನ್ನು ಒಗೆದು ಬಿಳುಪು ಮಾಡುತ್ತಿದ್ದವರು ನೆಲೆಸಿದ ಜಾಗ ಅದು. 1734ರಲ್ಲಿ ಕೂವಂ ನದಿಯ ತಿರುವಿನಲ್ಲಿ ಚಿಂತಾದ್ರಿಪೇಟೆ ಕಟ್ಟಿದಾಗಲೂ ನೇಕಾರರ ಜತೆಗೆ ಬಟ್ಟೆ ಒಗೆಯುವವರಿಗೆ ಅಲ್ಲಿ ಜಾಗ ಕೊಡಲಾಯಿತು. ಒಗೆತ ಸರಿಯಿಲ್ಲದಿದ್ದರೆ ನೇಯ್ಗೆಗೆ ಬೆಲೆಯಿಲ್ಲ ಎಂಬುದು ಕಂಪೆನಿಯ ವ್ಯಾಪಾರಿಗಳಿಗೂ ಗೊತ್ತಿತ್ತು.

ಹಳೆಯ ಅಗಸರ ಪದ್ಧತಿಯಲ್ಲಿ ಸುಗಂಧಕ್ಕೆ ಜಾಗವೇ ಇರಲಿಲ್ಲ. ಚೌಳು ಮಣ್ಣಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಗೆ ಹಾಕಿ ಆವಿಯಲ್ಲಿ ಬೇಯಿಸುವುದು, ಹರಿಯುವ ನೀರಿನಲ್ಲಿ ಕಲ್ಲಿಗೆ ಬಡಿದು ಜಾಲಿಸುವುದು, ಬಯಲಿನಲ್ಲಿ ಬಿಸಿಲಿಗೆ ಹರವುವುದು. ಚೌಳು ಜಿಡ್ಡನ್ನು ಬಿಡಿಸುತ್ತಿತ್ತು, ಉಬ್ಬೆಯ ಬಿಸಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿತ್ತು, ಹರಿವ ನೀರು ಚೌಳನ್ನೂ ಒಯ್ಯುತ್ತಿತ್ತು, ಬಿಸಿಲು ಉಳಿದ ಕೆಲಸ ಮುಗಿಸುತ್ತಿತ್ತು. ಇವತ್ತಿಗೂ ಟವೆಲು, ಒಳ ಉಡುಪು, ಹಾಸಿಗೆ ಹೊದಿಕೆಗಳನ್ನು ಹದಿನೈದು ದಿನಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಉಬ್ಬೆಯ ಫಲ ಮನೆಯಲ್ಲೇ ಸಿಗುತ್ತದೆ. ಹತ್ತಿ ಬಟ್ಟೆಗೆ ಮಾತ್ರ ಇದು ಸರಿ.

ಕನ್ನಡದಲ್ಲಿ ಒಗೆದ ಬಟ್ಟೆಗೂ ಮಡಿ ಎನ್ನುತ್ತೇವೆ, ಶುದ್ಧಿಗೂ ಮಡಿ ಎನ್ನುತ್ತೇವೆ. ಬಟ್ಟೆ ಒಗೆಯುವವರು ಮಡಿವಾಳರು. ಹನ್ನೆರಡನೆಯ ಶತಮಾನದಲ್ಲಿ ಶರಣರ ಬಟ್ಟೆ ಮಡಿ ಮಾಡುವುದನ್ನೇ ಕಾಯಕವಾಗಿಸಿಕೊಂಡ ಮಡಿವಾಳ ಮಾಚಿದೇವರನ್ನು ನಾಡು ಇಂದಿಗೂ ನೆನೆಯುತ್ತದೆ. ಹೀಗಿರುವಾಗ ಒಗೆಯುವ ಕೈಗಳನ್ನೇ ಮೊದಲು ದೂರುವುದು ಎಷ್ಟು ಸರಿ?

ಬೀರುವಿನೊಳಗಿನ ಅಪಾಯ

ಬೀರುವಿನ ವಿಷಯಕ್ಕೆ ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ನುಸಿಗುಳಿಗೆ. ನುಸಿಯನ್ನು ಅದು ಓಡಿಸುತ್ತದೆ, ಆದರೆ ತೇವವನ್ನಾಗಲಿ ಬೂಷ್ಟನ್ನಾಗಲಿ ಹೋಗಲಾಡಿಸುವುದಿಲ್ಲ. ಮುಗ್ಗಲು ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ ಅಷ್ಟೆ. ನುಸಿಗುಳಿಗೆಗೆ ಬಳಸುವ ನ್ಯಾಫ್ತಲೀನ್ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಪಟ್ಟಿಗೆ 2002ರಲ್ಲೇ ಸೇರಿದೆ.

ಅದಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಮನೆಯಲ್ಲಿ ಬಾಣಂತಿ ಇದ್ದರೆ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಟ್ರಂಕಿನಿಂದ ಅಜ್ಜನ ಹಳೆಯ ಪಂಚೆ, ಅಜ್ಜಿಯ ಹತ್ತಿ ಸೀರೆ ಹೊರತೆಗೆಯುವುದು. ಕೂಸಿನ ಮೈಗೆ ಹೊಸ ಬಟ್ಟೆಗಿಂತ ಮೆದುವಾದ ಹಳೆಯ ಬಟ್ಟೆಯೇ ಹಿತ ಎಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ವರ್ಷಗಟ್ಟಲೆ ನುಸಿಗುಳಿಗೆಯ ಜತೆ ಇದ್ದ ಬಟ್ಟೆಯನ್ನು ಹಾಗೆಯೇ ಸುತ್ತಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತದ ಕೆಂಪು ಕಣಗಳು ಒಡೆಯತೊಡಗುತ್ತವೆ. ಕೂಸು ಬಿಳುಚಿಕೊಳ್ಳುತ್ತದೆ, ಕಾಮಾಲೆ ಏರುತ್ತದೆ, ಪ್ರಾಣಕ್ಕೇ ಸಂಚಕಾರ ಬರಬಹುದು. ಮಗುವಿಗೆ ಈ ಕೊರತೆ ಇದೆಯೇ ಎಂಬುದು ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಆದ್ದರಿಂದ ಕೂಸಿನ ಬಟ್ಟೆಯ ಬಳಿ ನುಸಿಗುಳಿಗೆ ಇಡಲೇಬಾರದು. ಗುಳಿಗೆ ತಾಗಿದ ಹಳೆಯ ಬಟ್ಟೆ ಕೂಸಿಗೆ ಬೇಡವೇ ಬೇಡ. ಕೂಸು ಬಿಳುಚಿದಂತೆ, ಹಳದಿಯಾದಂತೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಬಟ್ಟೆಯ ವಿಷಯವನ್ನೂ ಹೇಳಬೇಕು. ಬಿಳಿ ಗುಳಿಗೆಗಳನ್ನು ಪೆಪ್ಪರಮಿಂಟೆಂದು ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಕ್ಕಳಿರುವ ಮನೆಯಲ್ಲೂ ಇದೇ ಎಚ್ಚರ ಬೇಕು.

ಹಾಗಾದರೆ ಬೀರುವಿಗೆ ಏನಿಡಬೇಕು? ನಮ್ಮ ಅಜ್ಜಿಯರು ಲಾವಂಚದ ಬೇರಿನ ಕಟ್ಟು, ಒಣಗಿದ ಬೇವಿನ ಎಲೆಯ ಗಂಟು, ಗಂಧದ ಚಕ್ಕೆ ಇಡುತ್ತಿದ್ದರು. ಮೈಸೂರು ಸ್ಯಾಂಡಲ್ ಸೋಪು ಬಿಚ್ಚಿದ ಮೇಲೆ ಖಾಲಿ ಪೊಟ್ಟಣವನ್ನು ಎಸೆಯದೆ ಸೀರೆಗಳ ನಡುವೆ ಸೇರಿಸುವ ಅಭ್ಯಾಸ ಎಷ್ಟೋ ಕನ್ನಡ ಮನೆಗಳಲ್ಲಿದೆ. ಇವೆಲ್ಲ ಪರಿಮಳಕ್ಕೆ ಒಳ್ಳೆಯವೇ. ಲಾವಂಚ ಚೆನ್ನೈ ಅಂಗಡಿಗಳಲ್ಲಿ ವೆಟ್ಟಿವೇರ್ ಎಂದು ಕೇಳಿದರೆ ಸುಲಭವಾಗಿ ಸಿಗುತ್ತದೆ. ಆದರೆ ತೇವವಿರುವ ಬೀರುವಿನಲ್ಲಿ ಲಾವಂಚವೂ ಬೂಷ್ಟು ಹಿಡಿದೀತು. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಉಸಿರಾಡಲು ಜಾಗವಿರುವಂತೆ ಬಟ್ಟೆ ಜೋಡಿಸುವುದೇ ಮೊದಲ ಕೆಲಸ.

ರೇಷ್ಮೆ ಸೀರೆಯನ್ನು ಉಟ್ಟು ಬಂದೊಡನೆ ಮಡಿಸಿಡಬಾರದು. ರಾತ್ರಿಯಿಡೀ ಫ್ಯಾನಿನ ಗಾಳಿಗೆ ಹರವಿ, ಬೆವರು ಆರಿದ ಮೇಲೆ ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲದೊಳಗೆ ತೇವ ಸಿಕ್ಕಿಕೊಳ್ಳುತ್ತದೆ. ಸೆಂಟು ಎರಚಿದರೆ ಜರಿ ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನೆರಳಿನಲ್ಲಿ ಗಾಳಿಯಾಡಿಸಬೇಕು. ಗಂಜಿ ಹಾಕಿದ ಹತ್ತಿ ಸೀರೆ, ಪಂಚೆಗಳನ್ನು ಮಳೆಗಾಲದಲ್ಲಿ ಹಾಗೆಯೇ ಒಳಗಿಡುವುದು ಬೂಷ್ಟಿಗೆ ಊಟ ಬಡಿಸಿದಂತೆ. ಗಂಜಿ ತೆಗೆದು ಒಣಗಿಸಿಟ್ಟು, ಉಡುವ ಮುನ್ನ ಹಾಕಿಕೊಂಡರಾಯಿತು.

ಒಂದು ಎಚ್ಚರಿಕೆ. ವಾಸನೆ ಹೋಗಲಿ ಎಂದು ಕೆಲವರು ಟವೆಲು ಜಾಲಿಸುವ ನೀರಿಗೆ ಸ್ವಲ್ಪ ವಿನೆಗರ್ ಸೇರಿಸುತ್ತಾರೆ, ಕೆಲವರು ಬಿಳಿ ಬಟ್ಟೆಗೆ ಬ್ಲೀಚಿಂಗ್ ಪುಡಿ ಬಳಸುತ್ತಾರೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ವಿಷವೇ ಸರಿ.

ನೆರೆ ಕಲಿಸಿದ್ದು

ಬಟ್ಟೆಯೆಂದರೆ ಬರಿಯ ನೂಲಲ್ಲ ಎಂಬುದು ಚೆನ್ನೈಗೆ 2015ರಲ್ಲಿ ಚೆನ್ನಾಗಿ ಅರ್ಥವಾಯಿತು. ಡಿಸೆಂಬರ್ 1ರಂದು ಆರಂಭವಾದ ಮಳೆಗೆ ತಾಂಬರಂನಲ್ಲಿ ಒಂದೇ ದಿನದಲ್ಲಿ ಸುಮಾರು 49 ಸೆಂಟಿಮೀಟರ್ ನೀರು ಸುರಿಯಿತು. ಅಡ್ಯಾರು ನದಿ ಉಕ್ಕಿ ಸೈದಾಪೇಟೆ, ಕೋಟೂರುಪುರಂ, ಜಾಫರ್‌ಖಾನ್‌ಪೇಟೆಗಳ ನೆಲಮಹಡಿಯ ಮನೆಗಳು ಮುಳುಗಿದವು. ಜೀವ ಉಳಿಸಿಕೊಂಡು ಮರಳಿ ಬಂದವರು ಕೆಸರು ತುಂಬಿದ ಬೀರುಗಳನ್ನು ತೆರೆಯಬೇಕಾಯಿತು. ಧಾರೆ ಸೀರೆ, ತಾಯಿಯ ಕೊನೆಯ ಸೀರೆ, ಮಗುವಿನ ಮೊದಲ ಅಂಗಿ ಇಂಥವುಗಳಿಗೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ. ಬಲ್ಲವರು ಹೇಳುವುದಿಷ್ಟೆ: ನೆರೆನೀರು ಹೊಕ್ಕ ಬಟ್ಟೆಯನ್ನು ಗಂಟುಕಟ್ಟಿಡದೆ ಅದೇ ದಿನ ಬಿಡಿಸಿ, ತಿಳಿನೀರಿನಲ್ಲಿ ಕೆಸರು ಕಳೆದು, ಬಣ್ಣ ಬಿಡುವ ಸೀರೆಗಳನ್ನು ಬೇರೆ ಮಾಡಿ ಗಾಳಿಗೆ ಹರವಬೇಕು. ಬೆಲೆಬಾಳುವ ಸೀರೆಗಳನ್ನು ಕೆಳಗಿನ ಅರೆಯಿಂದ ಮೇಲಿನ ಅರೆಗೆ ಏರಿಸುವ ಕೆಲಸ ಅಕ್ಟೋಬರ್‌ಗೆ ಮುನ್ನವೇ ಮುಗಿಯಬೇಕು.

ಹೊಸ ಪಂಚಾಂಗ

ಒಟ್ಟಿನಲ್ಲಿ ಚೆನ್ನೈ ಕನ್ನಡಿಗರು ಬಟ್ಟೆಯ ಮಟ್ಟಿಗೆ ಊರಿನ ಪಂಚಾಂಗ ಬದಿಗಿಟ್ಟು ಇಲ್ಲಿನದನ್ನು ಹಿಡಿಯಬೇಕು. ಸೆಪ್ಟೆಂಬರ್‌ನ ಬಿಸಿಲಿನ ದಿನಗಳಲ್ಲಿ, ನವರಾತ್ರಿಯ ಗೊಂಬೆ ಇಳಿಸುವ ಹೊತ್ತಿಗೇ ಬೀರು ಖಾಲಿ ಮಾಡಿ ಒರೆಸಿ, ರಾಜ್ಯೋತ್ಸವದ ಸೀರೆ, ಪಂಚೆಗಳಿಗೆ ಗಾಳಿ ಕಾಣಿಸಿದರೆ ನವೆಂಬರ್ 1ರಂದು ಮೂಗು ಮುಚ್ಚಿಕೊಳ್ಳಬೇಕಾಗದು. ಮಳೆ ಮುಗಿದ ಜನವರಿಯಲ್ಲಿ, ಸಂಕ್ರಾಂತಿಯ ಮುಂಚಿನ ಭೋಗಿಗೆ ಇಡೀ ನಗರವೇ ಮನೆ ತೊಳೆಯುವಾಗ ಇನ್ನೊಮ್ಮೆ ಅದೇ ಕೆಲಸ. ಹಳೆಯ ಬಟ್ಟೆಯನ್ನು ಬೆಂಕಿಗೆ ಹಾಕದೆ, ಒಗೆದು ಬೇಕಾದವರಿಗೆ ಕೊಟ್ಟರೆ ಪುಣ್ಯವೂ ಬಂತು.

ಇಷ್ಟೆಲ್ಲ ಹೇಳಿದರೂ ಎಲ್ಲರಿಗೂ ಬಾಲ್ಕನಿಯಿಲ್ಲ, ಎಲ್ಲರಿಗೂ ತಾರಸಿಯಿಲ್ಲ ಎಂಬುದನ್ನು ಮರೆಯಬಾರದು. ಕುಂದಾಪುರ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದು ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಹುಡುಗರಿಗೆ ಇರುವುದು ಎರಡು ಜತೆ ಸಮವಸ್ತ್ರ, ಒಂದು ಕಿಟಕಿ. ಬಡಿಸುವವನ ಅಂಗಿ ನಾರಿದರೆ ಗಿರಾಕಿ ಮುಖ ತಿರುಗಿಸುತ್ತಾನೆ, ಮಾಲೀಕ ಗದರುತ್ತಾನೆ. ಹುಡುಗ ಕೊಳಕನಲ್ಲ, ಅವನ ಅಂಗಿಗೆ ಒಣಗಲು ಜಾಗವಿಲ್ಲ. ಫ್ಲಾಟುಗಳ ಸಂಘದವರು ತಾರಸಿಯ ಬೀಗವನ್ನು ಬೆಳಿಗ್ಗೆ ಎಂಟರಿಂದ ಮೂರರವರೆಗೆ ತೆರೆದಿಟ್ಟರೆ, ಹೋಟೆಲು ಮಾಲೀಕರು ಹುಡುಗರಿಗೆ ಮೇಲೊಂದು ತಗಡಿನ ಮಾಡು ಹಾಕಿ ನಾಲ್ಕು ಹಗ್ಗ ಕಟ್ಟಿಕೊಟ್ಟರೆ, ಯಾವ ಸುಗಂಧದ ದ್ರವವೂ ಮಾಡದ ಕೆಲಸ ಆದೀತು.

ಮನೆಯಲ್ಲೂ ಅಷ್ಟೆ. ಮುಂದಿನ ಸಲ ಅಂಗಿ ಮೂಸಿ ಕೆಲಸದಾಕೆಯನ್ನು ಕೂಗುವ ಮುನ್ನ, ಆಕೆಗೆ ಜಾಲಿಸಲು ಎಷ್ಟು ಬಕೆಟ್ ನೀರು ಸಿಕ್ಕಿತ್ತು, ಒಣಹಾಕಲು ಎಷ್ಟು ಹಗ್ಗ ಸಿಕ್ಕಿತ್ತು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಮೇಲೆ ಎದ್ದು ಕಿಟಕಿ ತೆರೆದರಾಯಿತು.